ಎದೆಮಟ್ಟದ ನೀರು

ಹಾಜಿಯವರು ಮೊದಲ ಸಲ ಬಂದಾಗ ನಾನು ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೀರಿನ ಕ್ಲೋರಿನ್ ನೋಡುತ್ತಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ. ಪುತ್ತೂರಿನ ಈಜುಕೊಳದಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ, ಮಕ್ಕಳೆಲ್ಲ ಶಾಲೆಗೆ ಹೋಗಿರುತ್ತಾರೆ. ಬಿಳಿ ಲುಂಗಿ, ಬಿಳಿ ಟೊಪ್ಪಿ, ಸಣ್ಣಗೆ ಕತ್ತರಿಸಿದ ಬಿಳಿ ಗಡ್ಡ. ಚಪ್ಪಲಿ ಬಾಗಿಲಲ್ಲೇ ಕಳಚಿ ನಿಂತಿದ್ದರು.

"ನೀವು ದ್ವೀಪದಲ್ಲಿ ಕೆಲಸ ಮಾಡಿದವರಂತೆ, ಹೌದಾ ಮಾಷ್ಟ್ರೇ?"

"ನಾಲ್ಕು ವರ್ಷ ಇದ್ದೆ. ಪ್ರವಾಸಿಗರಿಗೆ ಸ್ನಾರ್ಕೆಲಿಂಗ್ ಮಾಡಿಸುದು."

ಅವರು ಜೇಬಿನಿಂದ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದರು. ಅಳಿಯನ ವಾಟ್ಸಾಪ್ ಗುಂಪಿಗೆ ಯಾರೋ ಕಳಿಸಿದ್ದಂತೆ. ನೀಲಿ ನೀರು, ಕೆಳಗೆ ತುಕ್ಕು ಹಿಡಿದ ಕಬ್ಬಿಣದ ಪಕ್ಕೆಲುಬುಗಳು, ನಡುವೆ ಉರುಳಿಬಿದ್ದ ಪೀಪಾಯಿಯಂಥ ದೊಡ್ಡ ಬಾಯ್ಲರ್, ಅದರ ಸುತ್ತ ಹಳದಿ ಪಟ್ಟೆಯ ಮೀನುಗಳು. ಮಾಸ್ಕ್ ಹಾಕಿಕೊಂಡ ಒಂದು ಜೋಡಿ ಕ್ಯಾಮೆರಾಕ್ಕೆ ಹೆಬ್ಬೆರಳು ತೋರಿಸಿ ತೇಲಿಹೋಯಿತು. ಲಕ್ಷದ್ವೀಪದ ಒಂದು ದ್ವೀಪದ ಹೊರಬಂಡೆ ಅದು. ಬ್ರಿಟಿಷರ ಕಾಲದ ಉಗಿಹಡಗೊಂದು ಅಲ್ಲಿ ಹವಳದ ದಿಬ್ಬಕ್ಕೆ ಬಡಿದು ನಿಂತದ್ದು, ಅಲ್ಲೇ ಕರಗುತ್ತಿರುವುದು ನನಗೆ ಕೇಳಿ ಗೊತ್ತಿತ್ತು. ನಾನಿದ್ದದ್ದು ಬೇರೆ ದ್ವೀಪದಲ್ಲಿ, ಇದನ್ನು ನೋಡಿರಲಿಲ್ಲ.

"ಈ ಕಬ್ಬಿಣದ ಮೇಲೆ ನಾನು ಒಂದು ರಾತ್ರಿ ಕೂತಿದ್ದೇನೆ" ಎಂದರು ಹಾಜಿಯವರು. "ನನಗೆ ಇದನ್ನು ಮೇಲಿಂದ ನೋಡ್ಬೇಕು. ಎಷ್ಟು ಆಳ ಉಂಟು ಅಂತ ನೋಡ್ಬೇಕು. ಕಲಿಸ್ತೀರಾ?"

ಅವರಿಗೆ ಅರವತ್ತೆಂಟು. ಈಜು ಬರುವುದಿಲ್ಲ. ಎದೆಯಲ್ಲಿ ಒಂದು ಸ್ಟೆಂಟ್. ಬೇಡವೆನ್ನುವುದೇ ಸರಿಯಾದ ಉತ್ತರವಾಗಿತ್ತು. ವೈದ್ಯರ ಚೀಟಿ ತನ್ನಿ ಎಂದೆ, ತರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ. ಮೂರನೇ ದಿನ ತಂದರು. ಜೊತೆಗೆ ಸವಣೂರಿನಿಂದ ಅವರ ಮಗಳೂ ಬಂದಳು. ಲ್ಯಾಬ್ ನಡೆಸುವವಳು. ಅಪ್ಪ ಬಟ್ಟೆ ಬದಲಾಯಿಸಲು ಒಳಗೆ ಹೋದಾಗ ತಗ್ಗಿದ ದನಿಯಲ್ಲಿ ಹೇಳಿದಳು:

"ನಾವು ಬೇಡ ಅಂತ ಹೇಳಿ ಹೇಳಿ ಸೋತೆವು. ಉಮ್ಮ ತೀರಿಹೋದ ಮೇಲೆ ಬಾಪ ನಿದ್ದೆ ಮಾಡುದೇ ಇಲ್ಲ. ಕಬ್ಬಿಣ ಬಡಿಯುವ ಶಬ್ದ ಕೇಳ್ತದೆ ಅಂತ ಎದ್ದು ಹೋಗಿ ಗೇಟು ನೋಡಿ ಬರ್ತಾರೆ. ನೀವೇ ಒಂದು ಸಲ ತೋರಿಸಿ ಕರ್ಕೊಂಡು ಬನ್ನಿ."

ಸ್ನಾರ್ಕೆಲಿಂಗ್ ಮುಳುಗುವ ವಿದ್ಯೆಯಲ್ಲ. ಮುಖಕ್ಕೆ ಮಾಸ್ಕ್, ಬಾಯಿಗೆ ಬಾಗಿದ ಕೊಳವೆ, ಮೈಗೆ ಗಾಳಿ ತುಂಬಿದ ಜಾಕೆಟ್. ಕವುಚಿ ತೇಲುತ್ತ ಕೆಳಗೆ ನೋಡುವುದು, ಅಷ್ಟೆ. ಆದರೆ ಮೂಗು ಮುಚ್ಚಿಕೊಂಡು ಬಾಯಲ್ಲೇ ಉಸಿರಾಡಲು ಮೈ ಒಪ್ಪಬೇಕು. ಅದನ್ನು ನಾನು ಕೊಳದ ಮೆಟ್ಟಿಲ ಮೇಲೆ ಕೂರಿಸಿ ಶುರುಮಾಡಿಸುತ್ತೇನೆ, ನೀರು ಮುಟ್ಟಿಸುವುದೇ ಇಲ್ಲ. ಹಾಜಿಯವರ ಮೀಸೆ ಬೋಳಿಸಿದ್ದರಿಂದ ಮಾಸ್ಕಿನ ರಬ್ಬರು ಮೇಲ್ದುಟಿಗೆ ಚೆನ್ನಾಗಿ ಕೂತಿತು, ಗಡ್ಡ ಅದರ ಕೆಳಗೆ ಉಳಿಯಿತು. ತೊಂದರೆ ಬಂದದ್ದು ಹಲ್ಲಿನದು. ಮೇಲಿನ ಸಾಲು ಕಟ್ಟಿಸಿದ ಹಲ್ಲು. ಕೊಳವೆಯ ತುದಿ ಕಚ್ಚಿದರೆ ಹಲ್ಲಿನ ಸೆಟ್ಟೇ ಜಾರುತ್ತಿತ್ತು, ಸೆಟ್ಟು ತೆಗೆದಿಟ್ಟರೆ ಕಚ್ಚಲು ಏನೂ ಇರಲಿಲ್ಲ. ಕೊನೆಗೆ ನಾನು ಕೊಳವೆಯ ಕಚ್ಚುವ ತುಂಡನ್ನು ಅರ್ಧ ಕೊಯ್ದು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಅವರ ಒಸಡಿಗೆ ಒತ್ತಿ ಅಚ್ಚು ಹಿಡಿಸಿದೆ. ಅದಕ್ಕೇ ಒಂದು ವಾರ ಹೋಯಿತು.

ಎರಡನೇ ವಾರ ನೀರಿನೊಳಗೆ. ಮೊಣಕಾಲಿನ ಕೆಳಗಿನವರೆಗಿನ ಚಡ್ಡಿ, ತುಂಬು ತೋಳಿನ ಬನಿಯನ್. ಕೊಳವೆಗೆ ನೀರು ಹೊಕ್ಕರೆ 'ತೂ' ಎಂದು ಒಂದೇ ಸಲ ಊದಿ ಹೊರಹಾಕಬೇಕು. ಮಾಸ್ಕಿಗೆ ಹೊಕ್ಕರೆ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಗಾಳಿ ಬಿಡಬೇಕು. ಇವೆರಡನ್ನೂ ಅವರು ನನ್ನ ಶಾಲೆ ಮಕ್ಕಳಿಗಿಂತ ಬೇಗ ಕಲಿತರು. ತೇಲುವುದನ್ನೂ ಕಲಿತರು.

ಕಲಿಯದೆ ಉಳಿದದ್ದು ಒಂದೇ. ನಿಲ್ಲುವುದು.

ಈಜು ಬಾರದವನಿಗೆ ನೆಲವೆಂದರೆ ಪ್ರಾಣ. ಸ್ವಲ್ಪ ಹೆದರಿದರೆ ಸಾಕು, ಕಾಲು ತಾನಾಗಿ ನೆಲ ಹುಡುಕುತ್ತದೆ. ಹಾಜಿಯವರದು ತಿರುಗಾಮುರುಗಾ. ಗಿಡ್ಡ ಮಕ್ಕಳು ನಿಲ್ಲುವ ಬದಿಯಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ, "ಕಾಲು ಕೆಳಗಿಡಿ, ನಿಲ್ಲಿ" ಎಂದರೆ ಹೆಬ್ಬೆರಳು ಟೈಲ್ಸಿಗೆ ತಾಗಿದ ಕ್ಷಣ ಕೆಂಡ ಮುಟ್ಟಿದವರಂತೆ ಎರಡೂ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುತ್ತಿದ್ದರು. ಆಗ ಮೈ ಮಗುಚುತ್ತಿತ್ತು, ನೀರು ಕುಡಿಯುತ್ತಿದ್ದರು. ಹತ್ತು ದಿನ ಹೀಗೇ. ಒಂದು ದಿನ ನನಗೆ ಸಿಟ್ಟು ಬಂದೇ ಬಂತು.

"ಎಂತ ಹಾಜಿಯವರೇ, ನೆಲ ಅಲ್ವಾ ಅದು? ನೆಲಕ್ಕೆ ಯಾರಾದ್ರೂ ಹೆದರ್ತಾರಾ?"

ಅವರು ಮೆಟ್ಟಿಲ ಮೇಲೆ ಕೂತು ಮಾಸ್ಕ್ ತೆಗೆದರು. ಮುಖದಲ್ಲಿ ರಬ್ಬರಿನ ಕೆಂಪು ಬರೆ ಮೂಡಿತ್ತು.

"ಅವತ್ತು ಕೆಳಗೆ ಎಂತದೋ ಇತ್ತು ಮಾಷ್ಟ್ರೇ" ಎಂದರು. ಆ ರಾತ್ರಿಯ ಕಥೆ ಹೇಳತೊಡಗಿದರು. ನಾನು ಕೊಳದಲ್ಲಿ ನಿಂತೇ ಕೇಳಿದೆ.

ಆಗ ಅವರಿಗೆ ಇಪ್ಪತ್ತಮೂರು. ಕಾಗದಪತ್ರ ಇಲ್ಲದೆ ಮರದ ಲಾಂಚಿನಲ್ಲಿ ಗಲ್ಫಿಗೆ ಹೊರಟ ಮೂವತ್ತು ಜನರಲ್ಲಿ ಅವರೊಬ್ಬರು. ಇನ್ನೊಬ್ಬ ಆಲೆಟ್ಟಿಯವ, ಗೌಡರ ಮನೆಯ ಹುಡುಗ. ಸುಳ್ಯದ ಪೇಟೆಯಲ್ಲಿ ಇಬ್ಬರಿಗೂ ಗೆಳೆತನವಾದದ್ದು. ಕರೆದದ್ದು ಇವರೇ, "ಬಾ, ಎರಡು ವರ್ಷ ದುಡಿದು ಬರುವ" ಎಂದು. ಮೂರನೇ ರಾತ್ರಿ ಲಾಂಚು ದಿಬ್ಬಕ್ಕೆ ಬಡಿದು ಒಡೆಯಿತು. ಹಲವರು ಅಲ್ಲೇ ಹೋದರು. ಇವರಿಬ್ಬರೂ ಇನ್ನು ಕೆಲವರೂ ಕತ್ತಲಲ್ಲಿ ಕೈಗೆ ಸಿಕ್ಕ ಕಬ್ಬಿಣವನ್ನು ಹಿಡಿದುಕೊಂಡರು. ಆಗ ಆ ಹಳೆಯ ಹಡಗಿನ ಬಾಯ್ಲರೂ ಒಂದೆರಡು ಕಂಬಿಗಳೂ ನೀರಿನಿಂದ ಮೇಲಿದ್ದವು. ಸಡಿಲವಾದ ಒಂದು ತಗಡು ತೆರೆ ಬಂದಾಗಲೆಲ್ಲ ಬಾಯ್ಲರಿಗೆ ಬಡಿಯುತ್ತಿತ್ತು, ರಾತ್ರಿಯಿಡೀ. ಹಾಜಿಯವರಿಗೆ ಮೇಲೆ ಕೂರಲು ಅಂಗೈಯಗಲ ಜಾಗ ಸಿಕ್ಕಿತು. ಗೆಳೆಯನಿಗೆ ಸಿಗಲಿಲ್ಲ. ಅವನು ಸೊಂಟದಿಂದ ಕೆಳಗೆ ನೀರಿನಲ್ಲೇ ಇದ್ದ. ಇವರು ಅವನ ಮಣಿಕಟ್ಟು ಹಿಡಿದುಕೊಂಡರು.

"ಬೆಳಗಿನ ಜಾವ ಆಗುವಾಗ ಅವನು ಹೇಳಿದ, ಕಾಲಿಗೆ ಎಂತದೋ ತಾಗ್ತದೆ ಅಂತ. ದೊರಗು ದೊರಗು ಅಂದ. ನನ್ನ ಕಾಲು ಇಳಿಬಿಟ್ಟು ನೋಡಿದೆ, ನನಗೂ ತಾಗಿತು. ದೊಡ್ಡ ಮೀನು, ಕಾಲು ಮೇಲೆ ಎಳಿ ಅಂತ ಬೊಬ್ಬೆ ಹಾಕಿದೆ. ಅವನು ಎಳ್ಕೊಂಡ. ಮತ್ತೆ ತಾಗಿತು, ಮತ್ತೆ ಎಳ್ಕೊಂಡ. ಆಮೇಲೆ ಅವನ ಭಾರ ಪೂರಾ ನನ್ನ ಕೈಗೆ ಬಂತು. ನೀರು ಅವನನ್ನು ಆಚೆ ಎಳೀತಿತ್ತು." ಮಾಸ್ಕನ್ನು ಮಗುಚಿ ಒಳಗಿನ ನೀರು ಚೆಲ್ಲಿದರು. "ಅವನು ಜಾರಿದ್ದಲ್ಲ ಮಾಷ್ಟ್ರೇ. ನಾನು ಬಿಟ್ಟೆ. ಇನ್ನು ಹಿಡಿದ್ರೆ ನಾನೂ ಹೋಗ್ತೇನೆ ಅಂತ ಬಿಟ್ಟೆ. ಬೆಳಕು ಬರುವಾಗ ಕೆಲವರು ನೀರಿನ ಮೇಲೆ ನಡ್ಕೊಂಡು ಬರುದು ಕಂಡಿತು. ಬಿಳಿ ಬಟ್ಟೆ. ಮಲಕುಗಳು ಅಂತ ಎಣಿಸಿದೆ, ದೇವದೂತರು. ದ್ವೀಪದವರು ದೋಣಿಯಲ್ಲಿ ಬಂದು ಕಾಪಾಡಿದ್ದು ಅಂತ ಆಮೇಲೆ ಎಲ್ಲ ಹೇಳಿದರು. ನನ್ನ ಕಣ್ಣಿಗೆ ಮಾತ್ರ ಅವರು ನಡ್ಕೊಂಡೇ ಬಂದದ್ದು."

ಊರಿಗೆ ಮರಳಿ ಆಲೆಟ್ಟಿಗೆ ಹೋದಾಗ ಗೆಳೆಯನ ತಾಯಿಗೆ ಬೇರೆಯೇ ಹೇಳಿದರಂತೆ: ಲಾಂಚು ಒಡೆದಾಗಲೇ ತಲೆಗೆ ಹಲಗೆ ಬಡಿದು ಹೋದ, ಏನೂ ಗೊತ್ತಾಗಲಿಲ್ಲ ಅವನಿಗೆ. ತಾಯಿ ಹಾಗೇ ನಂಬಿ ತೀರಿಹೋದರು. ತಂಗಿ ಈಗಲೂ ಇದ್ದಾಳೆ.

"ಆಳ ನೋಡಿದರೆ ಮುಗೀತದೆ" ಎಂದರು ಹಾಜಿಯವರು. "ಅಷ್ಟು ಆಳದಲ್ಲಿ ಯಾರಿಗೂ ಎಂತದೂ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ ಅಂತ ಕಣ್ಣಲ್ಲಿ ನೋಡಿದರೆ ಸಾಕು."

ನನಗೆ ಆಗ ಏನೂ ಹೊಳೆಯಲಿಲ್ಲ. ನಿಲ್ಲಿಸುವುದನ್ನು ಕೈಬಿಟ್ಟೆ, ಅಷ್ಟೆ. ಜಾಕೆಟ್ ಇರುತ್ತದೆ, ಹಿಡಿದು ತೇಲುವ ರಿಂಗ್ ಇರುತ್ತದೆ, ನಿಲ್ಲುವ ಅಗತ್ಯ ಬೀಳುವುದಿಲ್ಲ ಎಂದುಕೊಂಡೆ.

ದ್ವೀಪಕ್ಕೆ ಹೋಗುವ ಪರ್ಮಿಟ್ ಸಿಕ್ಕಿದ್ದು ಜನವರಿಯಲ್ಲಿ. ಮಂಗಳೂರಿನಿಂದ ರೈಲಿನಲ್ಲಿ ಕೊಚ್ಚಿ, ಅಲ್ಲಿಂದ ಹಡಗು. ಹಡಗಿನಲ್ಲಿ ಅವರು ಒಮ್ಮೆಯೂ ಡೆಕ್ಕಿಗೆ ಬರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ತಸ್ಬೀಹ್ ಮಣಿ ಎಣಿಸುತ್ತ ಕೂತರು. ದ್ವೀಪಕ್ಕೆ ಇಳಿದ ಮೇಲೆ ಮಾತ್ರ ತೆಂಗಿನ ಮರಗಳನ್ನು ನೋಡಿ, "ಆಗ ಇಷ್ಟು ಮನೆಗಳಿರ್ಲಿಲ್ಲ" ಎಂದರು.

ಹೊಸ ಜಾಗಕ್ಕೆ ಯಾರನ್ನಾದರೂ ಇಳಿಸುವ ಮೊದಲು ನಾನೇ ಒಮ್ಮೆ ಇಳಿದು ನೋಡುವುದು ನನ್ನ ಕ್ರಮ. ಅದೂ ನೀರು ಅತಿ ಕಡಿಮೆ ಇರುವಾಗ, ಚೂಪು ಅಂಚುಗಳೆಲ್ಲ ಕಾಣುವ ಹೊತ್ತಿಗೆ. ಮಾರನೆಯ ಬೆಳಿಗ್ಗೆ ಇಳಿತ ಮುಗಿಯುವುದು ಆರು ಗಂಟೆಯ ಸುಮಾರಿಗಿತ್ತು. ಹಾಜಿಯವರು ನಮಾಜಿಗೆ ಹೋಗಿದ್ದಾಗ ನಾನು ದೋಣಿಯವನ ಜೊತೆ ಹೊರಟೆ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವನದು ದ್ವೀಪದ ಮಲಯಾಳ, ನನ್ನದು ನನ್ನ ಊರು ಕೋಡಿಂಬಾಳದಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಬಂದ ಕೇರಳದವರಿಂದ ಕಲಿತದ್ದು. ಹೇಗೋ ನಡೆಯುತ್ತಿತ್ತು.

ದೋಣಿಯನ್ನು ಒಳಬದಿಯ ಮರಳಿನಲ್ಲಿ ಲಂಗರು ಹಾಕಿ ನಿಲ್ಲಿಸಿದ. ನಾನು ತೆಂಗಿನ ಸಿಪ್ಪೆಯ ಚೂರು ಎಸೆದು ಸೆಳೆತ ನೋಡಿದೆ. ಒಳಗಿನ ನೀರು ದಿಬ್ಬದ ಮೇಲಿಂದ ಹೊರಕಡಲಿಗೆ ಹರಿಯುವ ಸೆಳೆತ ಇನ್ನೂ ಇತ್ತು, ಸಿಪ್ಪೆ ಓಡಿತು. ಗಂಟು ಹಾಕಿದ ಅಳತೆಯ ಹಗ್ಗ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಈಜಿದೆ. ಪಕ್ಕೆಲುಬಿನಂಥ ಕಂಬಿಗಳನ್ನು ಸುತ್ತುಬಳಸಿ, ಎಲ್ಲಿ ತಗಡು ಚೂಪಾಗಿದೆ ಎಂದು ಗುರುತಿಟ್ಟುಕೊಳ್ಳುತ್ತ ಬಾಯ್ಲರಿಗೆ ಬಂದೆ. ಅದರ ನೆತ್ತಿ ಮಾತ್ರ ಈಗ ನೀರಿನಿಂದ ಮೇಲಿದೆ. ಅದನ್ನು ಒಂದು ಕೈಯಲ್ಲಿ ಹಿಡಿದು, ಮಾಸ್ಕಿಗೆ ಹೊಕ್ಕ ನೀರು ತೆಗೆಯಲು ತಲೆ ಎತ್ತಿದೆ. ಕಾಲು ಕೆಳಗಿಳಿಯಿತು.

ತಾಗಿತು. ದೊರಗಾಗಿ ತಾಗಿತು.

ರಬ್ಬರ್ ಬೂಟಿನ ಮೂಲಕವೂ ಗೊತ್ತಾಗುವಷ್ಟು ದೊರಗು. ಸತ್ತ ಹವಳದ ಗಟ್ಟಿ ನೆಲ. ನಿಂತೆ. ನೀರು ನನ್ನ ಎದೆಗೆ ಬಂತು, ಅದಕ್ಕಿಂತ ಮೇಲೆ ಬರಲಿಲ್ಲ. ಸಣ್ಣ ತೆರೆಯೊಂದು ಬಂದು ಕೊರಳಿಗೆ ತಾಗಿ ಇಳಿಯಿತು.

ಅಳತೆಯ ಹಗ್ಗ ಸೊಂಟದಲ್ಲೇ ಇತ್ತು. ಅದನ್ನು ಬಿಚ್ಚುವ ಕೆಲಸವೇ ಉಳಿಯಲಿಲ್ಲ. ಅಲ್ಲಿ ನಿಂತು ನಾನು ಕೊಳದ ಮೆಟ್ಟಿಲ ಮೇಲಿನ ಆ ಮಾತುಗಳನ್ನು ಒಂದೊಂದಾಗಿ ಮತ್ತೆ ಕೇಳಿದೆ. ಕಾಲಿಗೆ ಎಂತದೋ ತಾಗ್ತದೆ. ಕಾಲು ಮೇಲೆ ಎಳಿ. ಅಂದು ತಾಗಿದ್ದು ಮೀನಲ್ಲ.

ದೋಣಿಗೆ ಹತ್ತಿ, ಹಿಂದೆ ಇಲ್ಲಿ ಆಳ ಇತ್ತೇ, ಮರಳು ತುಂಬಿಕೊಂಡಿತೇ ಎಂದು ಕೇಳಿದೆ. ಹಾಗೆ ಇದ್ದಿರಲಿ ಎಂಬ ಆಸೆ ಇತ್ತು. ದೋಣಿಯವ ತಲೆಯಾಡಿಸಿದ.

"ಕಲ್ಲು ಅಲ್ವಾ. ನನ್ನ ಅಪ್ಪನ ಕಾಲದಲ್ಲೂ ಇಷ್ಟೇ. ಒಮ್ಮೆ ಒಂದು ಲಾಂಚು ಒಡೆದಾಗ ಅಪ್ಪ, ಚಿಕ್ಕಪ್ಪ ಎಲ್ಲ ಆ ದಿಬ್ಬದ ಮೇಲಿಂದ ಇಲ್ಲಿಗೆ ನಡೆದೇ ಬಂದಿದ್ದರು. ದೋಣಿ ತಂದರೆ ತಳ ಒಡೀತದೆ ಅಂತ ಆಚೆಯೇ ಬಿಟ್ಟು ಬಂದರು. ಕಬ್ಬಿಣದ ಮೇಲೆ ಕೂತವರು ಇಳಿಯಲಿಕ್ಕೇ ಒಪ್ಪಲಿಲ್ಲವಂತೆ. ಎಳೆದು ಇಳಿಸಬೇಕಾಯ್ತಂತೆ."

ಇದನ್ನು ಹಾಜಿಯವರಿಗೆ ಹೇಳಬೇಡ ಎಂದು ಕೇಳಿಕೊಂಡೆ. ಯಾಕೆಂದು ವಿವರಿಸಿದೆ. ಅವನು ಬಹಳ ಹೊತ್ತು ಇಂಜಿನ್ ಚಾಲೂ ಮಾಡಲಿಲ್ಲ.

"ನಾನಾಗಿ ಹೇಳುದಿಲ್ಲ. ಅವರೇ ಕೇಳಿದರೆ ಸುಳ್ಳು ಹೇಳುದಿಲ್ಲ" ಎಂದ.

ನೀರು ತುಂಬಿ ಬರುವ ಭರತ ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಆಗ ಹೋಗುವುದೆಂದು ತೀರ್ಮಾನಿಸಿದೆ. ತುಂಬಿದ ನೀರಿನಲ್ಲಿ ಮೈ ಕಬ್ಬಿಣಕ್ಕೆ ಉಜ್ಜುವುದಿಲ್ಲ, ಸೆಳೆತವೂ ನಿಂತಿರುತ್ತದೆ, ಬೆಳಕು ನೇರ ಕೆಳಗೆ ಬೀಳುತ್ತದೆ. ಯಾವ ಗೈಡನ್ನು ಕೇಳಿದರೂ ಅದೇ ಸರಿ ಎನ್ನುತ್ತಾನೆ. ಆದರೆ ನಾನು ಆ ಹೊತ್ತನ್ನು ಆರಿಸಿದ್ದು ಅದಕ್ಕಲ್ಲ. ಆಗ ಅಲ್ಲಿ ಒಂದೂವರೆ ಆಳು ನೀರಿರುತ್ತದೆ ಎಂದು.

ಹಾಜಿಯವರು ದೋಣಿಯ ಅಂಚಿಗೆ ಬಂದು ಕೂತರು. ಮಂಜು ಕಟ್ಟದಂತೆ ಮಾಸ್ಕಿನ ಗಾಜಿಗೆ ಉಗುಳು ಸವರಿ ತೊಳೆದೆ, ಪಟ್ಟಿ ಬಿಗಿದೆ, ಜಾಕೆಟ್ಟಿಗೆ ಗಾಳಿ ತುಂಬಿದೆ. ಅವರು ಎರಡೂ ಕೈಯಲ್ಲಿ ರಿಂಗ್ ಹಿಡಿದು ಮುಖ ನೀರಿಗಿಟ್ಟರು. ರಿಂಗಿನ ಹಗ್ಗ ನನ್ನ ಭುಜದ ಮೇಲಿತ್ತು. ನಿಧಾನಕ್ಕೆ ಎಳೆದುಕೊಂಡು ಹೋದೆ. ಕೊಳವೆಯಿಂದ ಅವರ ಉಸಿರು ಕೇಳುತ್ತಿತ್ತು. ಕಂಬಿಗಳು ಕಂಡಾಗ ಚುರುಕಾಯಿತು, ಬಾಯ್ಲರ್ ಕಂಡಾಗ ಒಂದು ಕ್ಷಣ ಪೂರ್ತಿ ನಿಂತಿತು. ಅಂಗೈಯಿಂದ 'ನಿಧಾನ' ಎಂದು ಸನ್ನೆ ಮಾಡಿದೆ. ಉಸಿರು ಮರಳಿ ಬಂತು. ಬಾಯ್ಲರಿನ ಬದಿಯಲ್ಲಿ ಹತ್ತು ನಿಮಿಷ ತೇಲಿದೆವು. ಅವರು ಕಬ್ಬಿಣವನ್ನಾಗಲಿ ಮೀನನ್ನಾಗಲಿ ನೋಡುತ್ತಿರಲಿಲ್ಲ. ನೆಲವನ್ನೇ ನೋಡುತ್ತಿದ್ದರು.

ತಲೆ ಎತ್ತಿ ಕೊಳವೆ ತೆಗೆದರು. "ಇಷ್ಟೇಯಾ ಆಳ?"

"ಮಾಸ್ಕಿನಲ್ಲಿ ಎಲ್ಲ ಹತ್ತಿರ ಕಾಣ್ತದೆ ಹಾಜಿಯವರೇ. ಇರುದಕ್ಕಿಂತ ದೊಡ್ಡದಾಗಿ ಕಾಣ್ತದೆ."

ಅದು ನಿಜ. ಪ್ರತಿಯೊಬ್ಬ ಪ್ರವಾಸಿಗೂ ನಾನು ಹೇಳಿದ ಮಾತು. ಅಷ್ಟು ನಾಚಿಕೆಯಿಂದ ಅದನ್ನು ಹಿಂದೆಂದೂ ಹೇಳಿರಲಿಲ್ಲ.

"ಹಾಗಾ" ಎಂದರು. ಮತ್ತೆ ಮುಖ ಇಟ್ಟು ನೋಡಿದರು. ದೋಣಿಗೆ ಬಂದ ಮೇಲೆ ಟವೆಲ್ ಹೊದ್ದು ಕೈಯೆತ್ತಿ ದುವಾ ಮಾಡಿದರು. "ಮುಗೀತು" ಎಂದರು. ದೋಣಿಯವ ನಮ್ಮ ಕಡೆಗೆ ತಿರುಗದೆ ಇಂಜಿನ್ ಚಾಲೂ ಮಾಡಿದ. ಮಗಳಿಗೆ ಫೋನ್ ಮಾಡಿ, ಎಲ್ಲ ಚೆನ್ನಾಗಿ ಆಯಿತು ಎಂದು ನಾನೇ ಹೇಳಿದೆ.

ಸಂಜೆ ನಾವಿಬ್ಬರೂ ದಡದಲ್ಲಿ ಚಹಾ ಕುಡಿಯುತ್ತಿದ್ದೆವು. ಆ ದಿನದ ಎರಡನೇ ಇಳಿತ. ಅದು ನನ್ನ ಲೆಕ್ಕದಲ್ಲಿತ್ತು. ದಡದಿಂದ ಏನು ಕಾಣುತ್ತದೆ ಎಂಬುದು ಇರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ದೂರದ ದಿಬ್ಬದ ಮೇಲೆ ನಾಲ್ಕೈದು ಜನ ಹೊರಟರು. ಕಲ್ಲಿನ ಸಂದಿಯಲ್ಲಿ ಆಕ್ಟೋಪಸ್ ಹುಡುಕುವವರು. ಎದುರು ಬೆಳಕಿಗೆ ಕಪ್ಪಾಗಿ, ಸುತ್ತ ನೀರೇ ನೀರಿದ್ದು, ಅವರು ನೀರಿನ ಮೇಲೆ ನಡೆದುಹೋದರು.

ಹಾಜಿಯವರ ಲೋಟ ಬಾಯಿಯ ಹತ್ತಿರ ನಿಂತಿತು.

"ಮಾಷ್ಟ್ರೇ, ಅವರು ಎಂತದರ ಮೇಲೆ ನಡೀತಿದ್ದಾರೆ?"

"ಕಲ್ಲಿನ ಮೇಲೆ."

"ಅವತ್ತು ಬಂದವರು?"

ಹಾಜಿಯವರು ಲೋಟವನ್ನು ಮರಳಿನಲ್ಲಿಟ್ಟರು. ತಮ್ಮ ಎರಡು ಪಾದಗಳನ್ನು ನೋಡಿದರು, ಬಹಳ ಹೊತ್ತು. ಅವರಿಗೆ ಪೂರ್ತಿ ಗೊತ್ತಾದ ಗಳಿಗೆ ನನಗೆ ತಿಳಿಯಿತು. ಕಾಲಿನ ಬೆರಳುಗಳು ಮಡಚಿಕೊಂಡವು.

"ನಿಮಗೆ ಗೊತ್ತಿತ್ತು" ಎಂದರು.

"ಇವತ್ತು ಬೆಳಿಗ್ಗೆ ಗೊತ್ತಾಯ್ತು."

"ಅದಕ್ಕೇ ಮಧ್ಯಾಹ್ನ ಕರ್ಕೊಂಡು ಹೋದ್ರಿ."

"ಹೌದು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. "ನಾಳೆ ಬೆಳಿಗ್ಗೆ ಕರ್ಕೊಂಡು ಹೋಗಿ. ಮಾಸ್ಕ್ ಬೇಡ" ಎಂದರು, ಅಷ್ಟೆ.

ಇಳಿತದ ಸೆಳೆತ ಇರುವಾಗ ದಿಬ್ಬದ ಮೇಲೆ ಯಾರನ್ನೂ ಇಳಿಸಬಾರದು. ನಾನು ಕಲಿತ ಮೊದಲ ನಿಯಮ ಅದು. ಅದೂ ಸ್ಟೆಂಟ್ ಹಾಕಿದ, ಈಜು ಬಾರದ, ಆ ರಾತ್ರಿ ನಿದ್ದೆ ಮಾಡಲಾರದ ಮನುಷ್ಯನನ್ನು. ಆದರೆ ಇಳಿತ ಮುಗಿದು ಭರತ ಶುರುವಾಗುವ ನಡುವೆ ನೀರು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಲ್ಲುವ ಸ್ವಲ್ಪ ಹೊತ್ತು ಇರುತ್ತದೆ, ಇಪ್ಪತ್ತು ನಿಮಿಷದಷ್ಟು. ಅದಕ್ಕೆ ಸರಿಯಾಗಿ ಮುಟ್ಟಿಸಬಹುದು. ಬೇಡವೆಂದು ಮಗಳ ಹೆಸರು ಹೇಳಿ ತಪ್ಪಿಸಿಕೊಳ್ಳಲೂಬಹುದಿತ್ತು. ಒಮ್ಮೆ ಅವರ ಪರವಾಗಿ ನಾನೇ ತೀರ್ಮಾನಿಸಿದ್ದೆ. ಎರಡನೇ ಸಲ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಹೋಗುವ ಎಂದೆ.

ಬೆಳಿಗ್ಗೆ ದೋಣಿಯವ ಸಿಪ್ಪೆ ಎಸೆದು ಎಸೆದು ನೋಡಿದ. ಸಿಪ್ಪೆ ಇದ್ದಲ್ಲೇ ತಿರುಗಿದಾಗ ಕೈ ಎತ್ತಿದ. ನಾನು ಹಾಜಿಯವರಿಗೆ ದಪ್ಪ ಬೂಟು ತೊಡಿಸಿ, ಜಾಕೆಟ್ ಬಿಗಿದು, ರಿಂಗಿನಲ್ಲಿ ಎಳೆದುಕೊಂಡು ಬಾಯ್ಲರಿನ ಬದಿಗೆ ತಂದೆ. ಅವರು ಅದರ ನೆತ್ತಿಯ ಮೇಲೆ ಬಲಗೈ ಇಟ್ಟರು. ಹೇಗೆ ಹಿಡಿಯಬೇಕೆಂದು ಕೈಗೆ ಗೊತ್ತಿತ್ತು.

ಜಾಕೆಟ್ಟಿನ ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟೆ. ಬೂಟು ನೆಲಕ್ಕೆ ತಾಗಿತು. ಮೊಣಕಾಲು ಎದೆಗೆ ಹಾರಿತು. ಎರಡನೇ ಸಲವೂ ಹಾರಿತು. ಮೂರನೇ ಸಲ ಅವರು ಎಡಗೈಯಿಂದ ತಮ್ಮ ತೊಡೆಯನ್ನು ತಾವೇ ಕೆಳಗೆ ಒತ್ತಿ ಹಿಡಿದರು. ಒಂದು ಕಾಲು ಊರಿತು. ಮತ್ತೆ ಇನ್ನೊಂದು. ನಿಂತರು.

ನೀರು ಅವರ ಎದೆಯ ಮೇಲಂಚಿಗೆ ಬಂದಿತ್ತು. ಗಡ್ಡದ ತುದಿ ಒದ್ದೆಯಾಗುತ್ತಿತ್ತು, ಅಷ್ಟೆ. ಅವರು ಸುತ್ತ ನೋಡಿದರು, ಬಾಯ್ಲರ್, ದ್ವೀಪದ ತೆಂಗುಗಳು, ಹೊರಕಡಲಿನ ಬಿಳಿ ನೊರೆಯ ಗೆರೆ. ಆಮೇಲೆ ಎಡಗೈಯನ್ನು ನೀರಿನಿಂದ ತೆಗೆದು, ತಮ್ಮ ತಲೆಗಿಂತ ಒಂದು ಗೇಣು ಮೇಲೆ ಗಾಳಿಯಲ್ಲಿ ಹಿಡಿದು ತೋರಿಸಿದರು.

"ಅವನು ನನಗಿಂತ ಉದ್ದ ಇದ್ದ" ಎಂದರು.

ನೀರು ತಿರುಗುವ ಹೊತ್ತಾಯಿತು ಎಂದು ದೋಣಿಯವ ಕೂಗಿದ. ಹೋಗುವ ಎಂದೆ. ಹಾಜಿಯವರಿಗೆ ಕೇಳಿಸಲಿಲ್ಲ. ತೋಳು ಹಿಡಿದು ಎಳೆದೆ. ಕಬ್ಬಿಣ ಹಿಡಿದ ಕೈ ಬಿಡಲಿಲ್ಲ. ಒಳಬರುವ ಮೊದಲ ನೀರು ಬೆನ್ನಿಗೆ ತಾಗಿತು, ಇನ್ನು ಐದು ನಿಮಿಷವಾದರೆ ನನಗೂ ಅವರನ್ನು ಹಿಡಿಯುವುದು ಕಷ್ಟ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ತುಕ್ಕಿನ ಪುಡಿ ಅಂಗೈಗೆ ಅಂಟಿಕೊಂಡು ಬಂತು. ದೋಣಿಯಲ್ಲಿ ಅವರು ಅಳಲಿಲ್ಲ. ದೋಣಿಯವ ತನ್ನ ಒಣ ಬನಿಯನ್ ಬಿಚ್ಚಿ ಅವರ ತಲೆ ಒರೆಸಿದ.

ಊರಿಗೆ ಬಂದ ಮೂರನೇ ವಾರ ಫೋನ್ ಮಾಡಿದರು. ಆಲೆಟ್ಟಿಗೆ ಹೋಗಬೇಕು, ಜೊತೆಗೆ ಬರಬೇಕು ಎಂದರು. ಬೇಡವೆಂದು ನಾನು ವಾದಿಸಿದೆ. ಆ ತಂಗಿ ನಲವತ್ತೈದು ವರ್ಷ ಒಂದು ಮಾತನ್ನು ನಂಬಿ ಸಮಾಧಾನದಲ್ಲಿದ್ದಾಳೆ, ಈಗ ಹೇಳಿ ಯಾರಿಗೆ ಉಪಕಾರ?

"ಉಪಕಾರಕ್ಕೆ ಅಲ್ಲ" ಎಂದರು. "ನಿಮ್ಮ ಹತ್ರ ಹೇಳಿದ್ದನ್ನು ಅವಳ ಹತ್ರ ಹೇಳದಿದ್ರೆ, ನಾನು ಅವಳ ಅಣ್ಣನನ್ನು ಕದ್ದ ಹಾಗೆ."

ಹೋದೆವು. ತಂಗಿಗೆ ಅರವತ್ತರ ಹತ್ತಿರ. ಹಾಲಿನ ಸೊಸೈಟಿಯಿಂದ ಆಗಷ್ಟೇ ಬಂದಿದ್ದರು, ಕ್ಯಾನ್ ತೊಳೆಯುತ್ತಿದ್ದರು. "ಬನ್ನಿ, ಕುದ್ರಿ" ಎಂದು ತಮ್ಮ ಅರೆಭಾಷೆಯಲ್ಲಿ ಕೂರಿಸಿದರು. ಆಮೇಲಿನ ಮಾತೆಲ್ಲ ತುಳುವಿನಲ್ಲಿ. ಹಾಜಿಯವರು ಸುತ್ತಿ ಬಳಸಿ ಹೇಳಲಿಲ್ಲ. ಹಲಗೆ ಬಡಿದದ್ದು ಸುಳ್ಳು ಎಂದರು. ಬೆಳಗಿನವರೆಗೆ ಇದ್ದ, ಕೈ ನಾನು ಬಿಟ್ಟೆ, ಕಾಲೆಳೆದುಕೋ ಎಂದವನೂ ನಾನೇ, ಅಲ್ಲಿ ನಿಲ್ಲುವಷ್ಟು ನೆಲ ಇತ್ತು, ಈಗ ನಿಂತು ನೋಡಿ ಬಂದೆ ಎಂದರು.

ತಂಗಿ ಎದ್ದು ಒಳಗೆ ಹೋದರು. ಒಳಗೆ ನಲ್ಲಿ ಬಿಟ್ಟ ಶಬ್ದ ಕೇಳಿತು, ಬಹಳ ಹೊತ್ತು ಬಿಟ್ಟೇ ಇತ್ತು. ನಾನು ಹೊರಡುವ ಎಂದು ಸನ್ನೆ ಮಾಡಿದೆ. ಹಾಜಿಯವರು ಅಲುಗಲಿಲ್ಲ. ತಂಗಿ ಹೊರಗೆ ಬಂದಾಗ ಮುಖ ತೊಳೆದಿದ್ದರು, ಕಣ್ಣು ಕೆಂಪಾಗಿತ್ತು. ಹಾಜಿಯವರ ಎದುರಿನ ಕುರ್ಚಿಯಲ್ಲಿ ಕೂತರು.

"ಅಷ್ಟು ಹೊತ್ತು ಇದ್ದನಾ?"

"ಇದ್ದ."

"ಅಷ್ಟು ಹೊತ್ತು ಎಂತ ಮಾತಾಡಿದ?"

ಈ ಪ್ರಶ್ನೆಗೆ ಹಾಜಿಯವರು ತಯಾರಾಗಿ ಬಂದಿರಲಿಲ್ಲ. ಆಮೇಲೆ ಹೇಳಿದರು: "ಅವನು ಬಸ್ಸಲ್ಲಿ ಕಂಡಕ್ಟರ್ ಇದ್ದನಲ್ಲ. ಅಲ್ಲಿ ಎಲ್ಲರಿಗೂ ನಿದ್ದೆ ಎಳೀತಿತ್ತು. ನಿದ್ದೆ ಬಂದ್ರೆ ಕೈ ಬಿಟ್ಟುಹೋಗ್ತದೆ. ಅದಕ್ಕೆ ಅವನು ಸ್ಟಾಪಿನ ಹೆಸರು ಕೂಗ್ತಿದ್ದ. ಸುಳ್ಯದಿಂದ ಪುತ್ತೂರಿಗೆ, ಪುತ್ತೂರಿಂದ ವಾಪಸ್ ಸುಳ್ಯಕ್ಕೆ. ಮಲಯಾಳದವರು ನಾಲ್ಕು ಜನ ಇದ್ದರು, ಅವರಿಗೆ ಊರೂ ಗೊತ್ತಿಲ್ಲ ಎಂತದೂ ಗೊತ್ತಿಲ್ಲ. ಅವರೂ ಇಳಿಯಲಿಕ್ಕುಂಟು, ಹೋಲ್ಡಾನ್, ಬಸ್ಸು ನಿಲ್ಸಿ ಅಂತ ಕೂಗ್ತಿದ್ದರು. ಒಮ್ಮೆ ಎಲ್ಲರೂ ನಗಾಡಿದೆವು ಅಲ್ಲಿ."

ತಂಗಿ ಸೆರಗಿನಿಂದ ಬಾಯಿ ಒತ್ತಿಕೊಂಡರು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ.

"ಅವ ಹೇಗೆ ಕೂಗಿದ, ಹಾಗೆ ಹೇಳಿ" ಎಂದರು.

ಹಾಜಿಯವರು ಟೊಪ್ಪಿ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ದನಿ ಎಳೆದು ಶುರುಮಾಡಿದರು. "ಸುಳ್ಯ... ಪೈಚಾರ್... ಜಾಲ್ಸೂರು... ಕನಕಮಜಲು... ಕಾವು..."

"ಆಮ್ಚಿನಡ್ಕ ಬಿಟ್ಟಿರಿ" ಎಂದರು ತಂಗಿ. "ಕಾವಿಗಿಂತ ಮುಂಚೆ ಆಮ್ಚಿನಡ್ಕ. ಅವ ಬಿಡುವವ ಅಲ್ಲ."

"ಹೌದು. ಆಮ್ಚಿನಡ್ಕ" ಎಂದರು ಹಾಜಿಯವರು. ಮತ್ತೆ ಸುಳ್ಯದಿಂದ ಶುರುಮಾಡಿದರು.